ನಿರ್ದೇಶಕರಿಗೂ ಬಂತು ಪಾಠಶಾಲೆ

ಬ್ಯಾಂಕಿನ ಅಧ್ಯಕ್ಷ ಪದವಿಗೆ ಏರಿದಾಗ ಅವರ ವಯಸ್ಸು ಆರು ತಿಂಗಳು. ಮಾತು ಬಾರದ ಹಸುಗೂಸು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ಉಳಿತಾಯ ಬ್ಯಾಂಕಿನ ಅಧ್ಯಕ್ಷರಾಗಿದ್ದ ತಂದೆ 1848ರಲ್ಲಿ ತೀರಿಕೊಂಡರು. ಜಹಗೀರು, ಅರಮನೆ, ಬಿರುದುಗಳ ಜೊತೆಗೆ ಬ್ಯಾಂಕಿನ ಅಧ್ಯಕ್ಷಗಿರಿಯೂ ಮಗುವಿನ ಪಾಲಿಗೆ ಬಂತು. ಆ ಮಗು ಬೆಳೆದು ದೊಡ್ಡದಾಗಿ ಬ್ಯೂಟ್ ಮನೆತನದ ಮಾರ್ಕ್ವಿಸ್ ಎಂದು ಹೆಸರಾಯಿತು. ಆದರೆ 38 ವರ್ಷಗಳ ಅಧ್ಯಕ್ಷಗಿರಿಯಲ್ಲಿ ಅವರು ಹಾಜರಾದದ್ದು ಒಂದೇ ಒಂದು ಸಭೆಗೆ. ಈ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬ ಠೇವಣಿದಾರರ ಹಣ ನುಂಗಿದ್ದ. ಬ್ಯಾಂಕು ಮುಳುಗಿತು. ನಷ್ಟವನ್ನು ಅಧ್ಯಕ್ಷರೇ ತುಂಬಿಕೊಡಬೇಕೆಂದು ಮೊಕದ್ದಮೆ ಹೂಡಲಾಯಿತು.

1892ರಲ್ಲಿ ಹೊರಬಿದ್ದ ತೀರ್ಪಿನಲ್ಲಿ ಮಾರ್ಕ್ವಿಸ್ ಗೆದ್ದರು. ಸಭೆಗೆ ಗೈರುಹಾಜರಾಗುವುದು ಬೇರೆ, ಸಭೆಯಲ್ಲಿ ನಿರ್ವಹಿಸಬೇಕಾದ ಕರ್ತವ್ಯದಲ್ಲಿ ಲೋಪ ಎಸಗುವುದು ಬೇರೆ ಎಂದು ನ್ಯಾಯಾಧೀಶರು ವಿಂಗಡಿಸಿದರು. ಸಭೆಗೇ ಹೋಗದವರು ಅಲ್ಲಿ ತಪ್ಪು ಮಾಡುವುದಾದರೂ ಹೇಗೆ!

ಇದಾಗಿ 127 ವರ್ಷಗಳ ನಂತರ, 2019ರ ಡಿಸೆಂಬರ್‌ನಲ್ಲಿ, ಭಾರತ ಸರ್ಕಾರ ಒಂದು ವಿಚಿತ್ರವೆನ್ನಿಸುವ ನಿಯಮವನ್ನು ಜಾರಿಗೆ ತಂದಿತು. ಕಂಪೆನಿಗಳ ಸ್ವತಂತ್ರ ನಿರ್ದೇಶಕರಾಗುವವರು ಸರ್ಕಾರಿ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು, ವಿನಾಯಿತಿ ಇಲ್ಲದವರು ಪರೀಕ್ಷೆಯನ್ನೂ ಪಾಸು ಮಾಡಬೇಕು ಎಂಬುದೇ ಆ ನಿಯಮ. ತಲೆ ನರೆತ ನಿವೃತ್ತ ಅಧಿಕಾರಿಗಳು ಮತ್ತೆ ಪುಸ್ತಕ ಹಿಡಿದು ಕೂರುವಂತಾಯಿತು. ತೊಟ್ಟಿಲಲ್ಲೇ ಅಧ್ಯಕ್ಷ ಪದವಿ ದೊರೆಯುತ್ತಿದ್ದ ಕಾಲದಿಂದ ಪರೀಕ್ಷೆಯ ಕಾಲದವರೆಗಿನ ಈ ದಾರಿ ಸ್ವಾರಸ್ಯಕರವಾಗಿದೆ. ದಾರಿಯುದ್ದಕ್ಕೂ ಹಣ ಕಳೆದುಕೊಂಡ ಸಾಮಾನ್ಯ ಜನರ ನಿಟ್ಟುಸಿರೂ ಇದೆ.

ಯಾರು ಈ ನಿರ್ದೇಶಕ?

ನಿರ್ದೇಶಕ ಎಂದೊಡನೆ ನಮ್ಮವರಿಗೆ ನೆನಪಾಗುವುದು ಸಿನಿಮಾ. ಹಳ್ಳಿಯವರಿಗಾದರೆ ಹಾಲಿನ ಡೇರಿಯ ಅಥವಾ ಸಹಕಾರ ಸಂಘದ ನಿರ್ದೇಶಕರು. ಕಂಪೆನಿಯ ನಿರ್ದೇಶಕರದೂ ಹೆಚ್ಚುಕಡಿಮೆ ಈ ಎರಡನೆಯ ಬಗೆಯ ಕೆಲಸವೇ. ಕಂಪೆನಿಗೆ ಬಂಡವಾಳ ಹಾಕಿದವರು ಷೇರುದಾರರು. ಅವರು ಸಾವಿರಾರು, ಲಕ್ಷಾಂತರ ಮಂದಿ, ಊರೂರಿನಲ್ಲಿ ಚದುರಿಹೋದವರು. ದಿನನಿತ್ಯದ ಕೆಲಸ ನಡೆಸುವವರು ಸಂಬಳದ ಅಧಿಕಾರಿಗಳು. ಹಣ ಹಾಕಿದವರ ಪರವಾಗಿ, ಹಣ ಬಳಸುವವರ ಮೇಲೆ ಕಣ್ಣಿಡಲು ಇರುವುದೇ ನಿರ್ದೇಶಕ ಮಂಡಳಿ. ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುವುದು, ದೊಡ್ಡ ಸಾಲ ಮತ್ತು ಖರೀದಿಗಳನ್ನು ತೀರ್ಮಾನಿಸುವುದು, ಮುಖ್ಯಸ್ಥನನ್ನು ನೇಮಿಸುವುದು, ತಪ್ಪಿದರೆ ತೆಗೆದುಹಾಕುವುದು ಎಲ್ಲವೂ ಇದರ ಕೆಲಸ. ಭಾರತದ ಕಾನೂನಿನಂತೆ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿಯಾದರೂ ಮಂಡಳಿ ಸಭೆ ಸೇರಬೇಕು.

ಇದರಲ್ಲಿ ಎರಡು ಬಗೆಯವರು ಇರುತ್ತಾರೆ. ಕಂಪೆನಿಯಲ್ಲೇ ಕೆಲಸ ಮಾಡುವ ಅಥವಾ ಅದನ್ನು ಕಟ್ಟಿದ ಮನೆತನಕ್ಕೆ ಸೇರಿದ ನಿರ್ದೇಶಕರು ಒಂದು ಬಗೆ. ಕಂಪೆನಿಯೊಡನೆ ಬೇರಾವ ವ್ಯವಹಾರವೂ ಇಲ್ಲದೆ, ನಿಷ್ಪಕ್ಷಪಾತವಾಗಿ ನೋಡಲೆಂದು ಹೊರಗಿನಿಂದ ಬರುವ ಸ್ವತಂತ್ರ ನಿರ್ದೇಶಕರು ಇನ್ನೊಂದು ಬಗೆ. ಮಂಡಳಿಯ ಕಣ್ಣು ತಪ್ಪಿದರೆ ಆಗುವುದೇನು ಎಂದು ನಮ್ಮ ಗಾದೆ ಎಂದೋ ಹೇಳಿದೆ: ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ.

ಗುಮಾಸ್ತರಿಗೆ ಕಾಲೇಜು, ದಣಿಗಳಿಗೆ ಇಲ್ಲ

ಭಾರತೀಯರ ಬದುಕನ್ನು ಆಳಿದ ಮೊದಲ ನಿರ್ದೇಶಕ ಮಂಡಳಿ ಈಸ್ಟ್ ಇಂಡಿಯಾ ಕಂಪೆನಿಯದು. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಕುಳಿತ 24 ನಿರ್ದೇಶಕರು ಸಾವಿರಾರು ಮೈಲಿ ಆಚೆಯ ನಾಡುಗಳ ಹಣೆಬರಹ ಬರೆಯುತ್ತಿದ್ದರು. ನಿರ್ದೇಶಕನಾಗಲು ಕೇಳುತ್ತಿದ್ದ ಮುಖ್ಯ ಅರ್ಹತೆ ಹಣದ್ದು. ಕಂಪೆನಿಯಲ್ಲಿ 2000 ಪೌಂಡ್ ಮೌಲ್ಯದ ಪಾಲು ಇರಬೇಕಿತ್ತು. ಭಾರತವನ್ನು ಕಂಡಿರಬೇಕು, ಇಲ್ಲಿಯ ಒಂದು ಭಾಷೆಯನ್ನಾದರೂ ಬಲ್ಲವನಾಗಿರಬೇಕು ಎಂಬ ಕಟ್ಟಳೆಯೇನೂ ಇರಲಿಲ್ಲ.

ಆದರೆ ಅದೇ ಕಂಪೆನಿ ತನ್ನ ನೌಕರರ ಶಿಕ್ಷಣದ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿತ್ತು. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು, 1806ರಲ್ಲಿ ಇಂಗ್ಲೆಂಡಿನಲ್ಲೇ ಈಸ್ಟ್ ಇಂಡಿಯಾ ಕಾಲೇಜು, 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾದವು. ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ, ಮರುವರ್ಷ ಬಳ್ಳಾರಿ ಸೀಮೆ ಕಂಪೆನಿಯ ಕೈಸೇರಿದ್ದವು. ಹೀಗಾಗಿ ಮದರಾಸಿನಲ್ಲಿ ಕಲಿಸಿದ ಭಾಷೆಗಳಲ್ಲಿ ಕನ್ನಡವೂ ಸೇರಿತ್ತು. ಕಂಪೆನಿಯ ಅಧಿಕಾರಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾಯಿತು. ಇಪ್ಪತ್ತರ ಹರೆಯದ ಇಂಗ್ಲಿಷ್ ಹುಡುಗ ಕನ್ನಡದ ಕಾಗುಣಿತ ತಿದ್ದಿ ಪರೀಕ್ಷೆಗೆ ಕೂರಬೇಕಿತ್ತು. ಅವನಿಗೆ ಆಜ್ಞೆ ಕಳಿಸುವ ದಣಿಗಳಿಗೆ ಮಾತ್ರ ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ.

ಇದರ ಅಪಾಯವನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಪ್ರಮುಖ. 1776ರ ತಮ್ಮ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಅವರು, ನಿರ್ದೇಶಕರು ನೋಡಿಕೊಳ್ಳುವುದು ಪರರ ಹಣವನ್ನು. ಸ್ವಂತ ಹಣಕ್ಕೆ ತೋರಿಸುವಷ್ಟು ಕಾಳಜಿಯನ್ನು ಅವರಿಂದ ನಿರೀಕ್ಷಿಸಲಾಗದು ಎಂಬ ಅರ್ಥದ ಮಾತು ಬರೆದರು. ಕಾಳಜಿ ಇಲ್ಲದ ಕಡೆ ಅಜ್ಞಾನವೂ ಸೇರಿದರೆ ಏನಾಗುತ್ತದೆಂಬುದಕ್ಕೆ ಮುಂದಿನ ಶತಮಾನ ಸಾಕ್ಷಿಯಾಯಿತು.

ಉತ್ಸವಮೂರ್ತಿಗಳ ಕಾಲ

1844 ಮತ್ತು 1855ರ ಕಾನೂನುಗಳು ಬ್ರಿಟನ್ನಿನಲ್ಲಿ ಕಂಪೆನಿ ಕಟ್ಟುವುದನ್ನು ಸುಲಭ ಮಾಡಿದವು. ಷೇರುದಾರನ ಹೊಣೆ ಅವನು ಹಾಕಿದ ಬಂಡವಾಳಕ್ಕಷ್ಟೇ ಸೀಮಿತವಾಯಿತು. ರೈಲ್ವೆ, ಗಣಿ, ಬ್ಯಾಂಕು ಎಂದು ಕಂಪೆನಿಗಳು ಅಣಬೆಗಳಂತೆ ಎದ್ದವು. ಷೇರು ಮಾರಲು ಜನರ ನಂಬಿಕೆ ಬೇಕು. ನಂಬಿಕೆ ಹುಟ್ಟಿಸಲು ದೊಡ್ಡ ಹೆಸರುಗಳು ಬೇಕು. ಬಿರುದಾಂಕಿತ ಶ್ರೀಮಂತರು, ನಿವೃತ್ತ ಸೇನಾಧಿಕಾರಿಗಳು ಮಂಡಳಿಗೆ ಬಂದರು. ಜಾತ್ರೆಯ ಉತ್ಸವಮೂರ್ತಿಗಳಂತೆ ಅವರನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಕೂರಿಸಲಾಯಿತು. ಇಂಥವರಿಗೆ ಅಲ್ಲಿನ ಜನ ಇಟ್ಟ ಅಡ್ಡಹೆಸರು ‘ಗಿನಿ ಪಿಗ್’. ಸಭೆಗೆ ಬಂದರೆ ಒಂದು ಗಿನಿ, ಅಂದರೆ 21 ಷಿಲ್ಲಿಂಗ್, ಭತ್ಯೆ ಪಡೆದು ಹೋಗುವವರು ಎಂಬ ಕುಹಕ ಅದರಲ್ಲಿತ್ತು.

1911ರಲ್ಲಿ ತೀರ್ಮಾನವಾದ ಬ್ರೆಜಿಲಿಯನ್ ರಬ್ಬರ್ ಕಂಪೆನಿಯ ಮೊಕದ್ದಮೆ ಈ ಮೂರ್ತಿಗಳನ್ನು ಪೀಠದಿಂದಿಳಿಸಿ ಹತ್ತಿರದಿಂದ ತೋರಿಸಿತು. ಬ್ರೆಜಿಲ್‌ನಲ್ಲಿ ರಬ್ಬರ್ ತೋಟ ಕೊಳ್ಳಲು ಹೊರಟ ಈ ಕಂಪೆನಿ, ಸುಳ್ಳು ವಿವರಗಳನ್ನು ನಂಬಿ ಹಣ ಕಳೆದುಕೊಂಡಿತ್ತು. ನಿರ್ದೇಶಕರಲ್ಲಿ ಒಬ್ಬರು ಬಿರುದಾಂಕಿತರು. ವ್ಯವಹಾರ ಜ್ಞಾನ ಅವರಿಗೆ ಲವಲೇಶವೂ ಇರಲಿಲ್ಲ. ಹೊಣೆಯೇನೂ ಇಲ್ಲದ ಹಿತವಾದ ಸಣ್ಣ ಉದ್ಯೋಗವೆಂದು ಯಾರೋ ಹೇಳಿದ್ದರಿಂದ ಒಪ್ಪಿಕೊಂಡಿದ್ದರು. ಇನ್ನೊಬ್ಬರು ಬ್ಯಾಂಕ್ ಪಾಲುದಾರರು. ವಯಸ್ಸು 75, ಕಿವಿ ಬಹಳ ಮಂದ. ಮತ್ತೊಬ್ಬ ವ್ಯವಹಾರಸ್ಥರು ಮಂಡಳಿ ಸೇರಿದ್ದೇಕೆ? ಮೊದಲಿನ ಇಬ್ಬರ ಹೆಸರನ್ನು ನೋಡಿ, ಅವರಿದ್ದ ಮೇಲೆ ಕಂಪೆನಿ ಗಟ್ಟಿಯಾಗಿರಬೇಕೆಂದು ನಂಬಿ!

ಇವರನ್ನೂ ನ್ಯಾಯಾಲಯ ಬಿಟ್ಟಿತು. ರಬ್ಬರಿನ ಗಂಧಗಾಳಿ ಇಲ್ಲದವನೂ ರಬ್ಬರ್ ಕಂಪೆನಿ ನಡೆಸಬಹುದು, ಆ ಅಜ್ಞಾನದಿಂದಾದ ತಪ್ಪಿಗೆ ಅವನು ಹೊಣೆಯಲ್ಲ ಎಂಬುದು ತೀರ್ಪಿನ ಸಾರ. 1920ರ ದಶಕದಲ್ಲಿ ಸಿಟಿ ಈಕ್ವಿಟಬಲ್ ವಿಮಾ ಕಂಪೆನಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ರೋಮರ್ ಇದನ್ನು ಸೂತ್ರರೂಪಕ್ಕೆ ಇಳಿಸಿದರು. ನಿರ್ದೇಶಕನಿಂದ ನಿರೀಕ್ಷಿಸಬೇಕಾದದ್ದು ಅವನಿಗಿರುವ ತಿಳಿವಳಿಕೆ ಮತ್ತು ಅನುಭವಕ್ಕೆ ತಕ್ಕ ಕೌಶಲವನ್ನಷ್ಟೆ. ಅವನು ಸದಾಕಾಲ ಕಂಪೆನಿಯ ಕಡೆ ಗಮನ ಕೊಡಬೇಕಿಲ್ಲ. ಸಂಶಯಕ್ಕೆ ಕಾರಣವಿಲ್ಲದಿದ್ದರೆ ಅಧಿಕಾರಿಗಳನ್ನು ನಂಬಿ ಕೆಲಸ ಬಿಡಬಹುದು. ಆ ಕಂಪೆನಿಯ ಅಧ್ಯಕ್ಷ ಜೆರಾಲ್ಡ್ ಲೀ ಬೆವನ್ ವಂಚನೆಗಾಗಿ ಜೈಲು ಸೇರಿದ್ದರು. ಉಳಿದ ನಿರ್ದೇಶಕರು ಹಣ ಕಟ್ಟಿಕೊಡಬೇಕಾಗಿ ಬರಲಿಲ್ಲ.

ಈ ಸೂತ್ರಗಳ ಒಳಮರ್ಮ ಗಮನಿಸಬೇಕು. ಕಡಿಮೆ ತಿಳಿದವನಿಂದ ಕಡಿಮೆ ನಿರೀಕ್ಷೆ. ಅಂದಮೇಲೆ ನಿರ್ದೇಶಕನಿಗೆ ಅಜ್ಞಾನವೇ ಶ್ರೀರಕ್ಷೆ. ಕಲಿತಷ್ಟೂ ಹೊಣೆ ಹೆಚ್ಚುವುದಾದರೆ ಕಲಿಯುವವರು ಯಾರು?

ಮೇಜಿನ ಸುತ್ತ ಪರೀಕ್ಷೆ

ಅದೇ ಕಾಲದಲ್ಲಿ ನಿರ್ದೇಶಕರಿಗೆ ಲೆಕ್ಕ ಒಪ್ಪಿಸುವವರೆಲ್ಲ ಪರೀಕ್ಷೆ ಬರೆಯತೊಡಗಿದ್ದರು. ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಗೆ 1880ರಲ್ಲೇ ರಾಜ ಸನ್ನದು ದೊರೆತಿತ್ತು. ಕಂಪೆನಿ ಕಾರ್ಯದರ್ಶಿಗಳ ಸಂಸ್ಥೆ 1891ರಲ್ಲಿ ಹುಟ್ಟಿತು. ನಿರ್ದೇಶಕರೂ 1903ರಲ್ಲಿ ಲಂಡನ್ನಿನಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಡೈರೆಕ್ಟರ್ಸ್’ ಎಂಬ ಸಂಸ್ಥೆ ಕಟ್ಟಿಕೊಂಡರು, 1906ರಲ್ಲಿ ಸನ್ನದನ್ನೂ ಪಡೆದರು. ಆದರೆ ಪರೀಕ್ಷೆ ಬರೆದು ‘ಚಾರ್ಟರ್ಡ್ ಡೈರೆಕ್ಟರ್’ ಎನ್ನಿಸಿಕೊಳ್ಳುವ ವ್ಯವಸ್ಥೆ ಅಲ್ಲಿ ಬಂದದ್ದು 1999ರಲ್ಲಿ. ಸನ್ನದು ಸಿಕ್ಕಿ ಆಗಲೇ 93 ವರ್ಷ ಕಳೆದಿತ್ತು.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಲೆಕ್ಕಪರಿಶೋಧಕರ ಸಂಸ್ಥೆಗೆ 1949ರಲ್ಲಿ, ಕಂಪೆನಿ ಕಾರ್ಯದರ್ಶಿಗಳ ಸಂಸ್ಥೆಗೆ 1980ರಲ್ಲಿ ಕಾನೂನಿನ ಮಾನ್ಯತೆ ಬಂತು. 1956ರ ಕಂಪೆನಿ ಕಾಯ್ದೆ ನಿರ್ದೇಶಕ ಯಾರಾಗಬಾರದು ಎಂಬುದನ್ನು ಮಾತ್ರ ಪಟ್ಟಿ ಮಾಡಿತು. ಬುದ್ಧಿ ಸ್ಥಿಮಿತದಲ್ಲಿಲ್ಲದವನು, ದಿವಾಳಿಯೆದ್ದವನು, ಅಪರಾಧಕ್ಕಾಗಿ ಶಿಕ್ಷೆಯಾದವನು ಆಗುವಂತಿಲ್ಲ ಎಂದಿತು. ಏನು ತಿಳಿದಿರಬೇಕು ಎಂಬ ಮಾತನ್ನು ಎತ್ತಲಿಲ್ಲ. 1970ರಲ್ಲಿ ರದ್ದಾಗುವವರೆಗೆ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿ ಇತ್ತು. ಅದರಲ್ಲಿ ಕಂಪೆನಿಗಳ ಲಗಾಮು ಏಜೆಂಟ್ ಸಂಸ್ಥೆಯ ಕೈಯಲ್ಲಿರುತ್ತಿದ್ದುದರಿಂದ ನಿರ್ದೇಶಕ ಮಂಡಳಿ ಎಷ್ಟೋ ಕಡೆ ಹೆಸರಿಗೆ ಮಾತ್ರ ಇರುತ್ತಿತ್ತು.

ಕಾನೂನು ಕಣ್ಣು ತೆರೆಯಿತು

ಗಾಳಿ ಬದಲಾದದ್ದು 1990ರ ದಶಕದಲ್ಲಿ. 1991ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಸಮುದ್ರದಲ್ಲಿ ಸತ್ತರು. ಅವರ ಕಂಪೆನಿಗಳ ನೌಕರರ ಪಿಂಚಣಿ ನಿಧಿಯಿಂದ 40 ಕೋಟಿ ಪೌಂಡಿಗೂ ಹೆಚ್ಚು ಹಣ ಮಾಯವಾಗಿದ್ದು ಆಮೇಲೆ ಬೆಳಕಿಗೆ ಬಂತು. ಜೀವಮಾನವಿಡೀ ದುಡಿದು ನಿವೃತ್ತರಾದವರು ಬೀದಿಗಿಳಿದು ಕೇಳಿದರು: ಮಂಡಳಿಯಲ್ಲಿದ್ದವರು ಏನು ನೋಡುತ್ತಿದ್ದರು? ಚಾಕೊಲೇಟ್ ಉದ್ಯಮಿ ಏಡ್ರಿಯನ್ ಕ್ಯಾಡ್ಬರಿ ನೇತೃತ್ವದ ಸಮಿತಿ ಅಷ್ಟರಲ್ಲಾಗಲೇ ಕೆಲಸ ಆರಂಭಿಸಿತ್ತು. 1992ರ ಡಿಸೆಂಬರ್‌ನಲ್ಲಿ ಅದು ಕೊಟ್ಟ ವರದಿ ಜಗತ್ತಿನ ಅನೇಕ ದೇಶಗಳ ನಿಯಮಗಳಿಗೆ ಮಾದರಿಯಾಯಿತು. ಹೊಸ ನಿರ್ದೇಶಕರಿಗೆ ತರಬೇತಿ ಬೇಕೆಂಬ ಮಾತು ಅದರಲ್ಲಿತ್ತು.

ನ್ಯಾಯಾಲಯಗಳ ಧೋರಣೆಯೂ ಬದಲಾಯಿತು. ವಿಮಾ ಅರ್ಜಿಯನ್ನು ಓದದೆ ಸಹಿ ಹಾಕಿದ ಬ್ರಿಟನ್ನಿನ ನಿರ್ದೇಶಕರೊಬ್ಬರ ಪ್ರಕರಣ 1993ರಲ್ಲಿ ತೀರ್ಮಾನವಾಯಿತು. ಅರ್ಜಿಯಲ್ಲಿ ತಪ್ಪು ಮಾಹಿತಿ ಇದ್ದುದರಿಂದ, ಬೆಂಕಿಬಿದ್ದು ಸರಕು ಸುಟ್ಟಾಗ ವಿಮಾ ಕಂಪೆನಿ ಹಣ ಕೊಡಲಿಲ್ಲ. ಓದದಿದ್ದುದು ಅಲಕ್ಷ್ಯವೇ ಎಂದು ನ್ಯಾಯಾಲಯ ಹೇಳಿತು. ಆಸ್ಟ್ರೇಲಿಯಾದ ಎ.ಡಬ್ಲ್ಯೂ.ಎ. ಕಂಪೆನಿ ವಿದೇಶಿ ವಿನಿಮಯ ವ್ಯವಹಾರದಲ್ಲಿ ಸುಮಾರು 5 ಕೋಟಿ ಡಾಲರ್ ಕಳೆದುಕೊಂಡ ಪ್ರಕರಣದ ತೀರ್ಪು 1995ರಲ್ಲಿ ಬಂತು. ನಿರ್ದೇಶಕನಾದವನು ಕಂಪೆನಿಯ ವ್ಯವಹಾರದ ಮೂಲಭೂತ ತಿಳಿವಳಿಕೆಯನ್ನಾದರೂ ಸಂಪಾದಿಸಿಕೊಳ್ಳಲೇಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಬ್ರಿಟನ್ 2006ರ ಕಂಪೆನಿ ಕಾಯ್ದೆಯಲ್ಲಿ ಇದೇ ತತ್ವವನ್ನು ಬರೆದಿಟ್ಟಿತು. ಎಲ್ಲ ನಿರ್ದೇಶಕರಿಗೂ ಅನ್ವಯಿಸುವ ಕನಿಷ್ಠ ಮಟ್ಟವೊಂದಿದೆ. ಹೆಚ್ಚು ಬಲ್ಲವನಿಂದ ಹೆಚ್ಚು ನಿರೀಕ್ಷೆ, ಏನೂ ತಿಳಿಯದವನಿಗೂ ರಿಯಾಯಿತಿ ಇಲ್ಲ.

ಅಜ್ಞಾನದ ಶ್ರೀರಕ್ಷೆ ಕಳಚಿದ್ದೇ ತಡ, ಪಾಠಶಾಲೆಗಳಿಗೆ ಬೇಡಿಕೆ ಬಂತು. ಲಂಡನ್ನಿನ ಚಾರ್ಟರ್ಡ್ ಡೈರೆಕ್ಟರ್ ಪದವಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲು ಸರ್ಟಿಫಿಕೇಟ್, ಆಮೇಲೆ ಡಿಪ್ಲೊಮಾ, ಕೊನೆಗೆ ಅನುಭವದ ಪರಿಶೀಲನೆ ಮತ್ತು ಸಂದರ್ಶನ. ನಿರ್ದೇಶಕನ ಕಾನೂನುಬದ್ಧ ಕರ್ತವ್ಯಗಳು, ಲೆಕ್ಕಪತ್ರ ಓದುವ ಬಗೆ, ಕಾರ್ಯತಂತ್ರ, ನಾಯಕತ್ವ ಇವು ಪಾಠದ ಮುಖ್ಯ ವಿಷಯಗಳು. 1990ರಲ್ಲಿ ಎರಡು ಹಳೆಯ ಸಂಸ್ಥೆಗಳು ಒಂದಾಗಿ ರೂಪುಗೊಂಡ ಆಸ್ಟ್ರೇಲಿಯಾದ ಕಂಪೆನಿ ನಿರ್ದೇಶಕರ ಸಂಸ್ಥೆಯೂ ಇಂಥ ಶಿಕ್ಷಣಕ್ಕೆ ಹೆಸರಾಯಿತು. ಆದರೆ ಈ ಎರಡೂ ದೇಶಗಳಲ್ಲಿ ಇಂಥ ಪ್ರಮಾಣಪತ್ರವನ್ನು ಕಾನೂನು ಎಲ್ಲ ನಿರ್ದೇಶಕರಿಗೂ ಕಡ್ಡಾಯ ಮಾಡಿಲ್ಲ.

ಸತ್ಯಂ ಕಲಿಸಿದ ಪಾಠ

ಭಾರತದಲ್ಲಿ 1999ರ ಕುಮಾರಮಂಗಲಂ ಬಿರ್ಲಾ ಸಮಿತಿಯ ವರದಿಯನ್ನು ಆಧರಿಸಿ, ಷೇರುಪೇಟೆ ನಿಯಂತ್ರಕ ಸಂಸ್ಥೆ ‘ಸೆಬಿ’ 2000ದಲ್ಲಿ ಸ್ವತಂತ್ರ ನಿರ್ದೇಶಕರ ನಿಯಮಗಳನ್ನು ತಂದಿತು. ಬೆಂಗಳೂರಿನ ಇನ್ಫೊಸಿಸ್‌ನ ಎನ್.ಆರ್. ನಾರಾಯಣಮೂರ್ತಿ ನೇತೃತ್ವದ ಸಮಿತಿ 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಂಡಳಿಯ ಸದಸ್ಯರಿಗೆ ಕಂಪೆನಿಯ ವ್ಯವಹಾರದ ರೀತಿ, ಅದರ ಅಪಾಯಗಳು, ತಮ್ಮ ಹೊಣೆ ಇವುಗಳ ಬಗ್ಗೆ ತರಬೇತಿ ಕೊಡಬೇಕೆಂದು ಸಲಹೆ ಮಾಡಿತು. ಅದು ಕಡ್ಡಾಯವಲ್ಲದ ಸಲಹೆಯಾಗಿತ್ತು.

ಆರು ವರ್ಷ ಕಳೆಯುವುದರೊಳಗೆ, 2009ರ ಜನವರಿ 7ರಂದು, ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ಬಿ. ರಾಮಲಿಂಗರಾಜು ಬರೆದ ಪತ್ರ ದೇಶವನ್ನು ನಡುಗಿಸಿತು. ವರ್ಷಗಳಿಂದ ಸುಳ್ಳು ಲೆಕ್ಕ ತೋರಿಸುತ್ತಿದ್ದೆ ಎಂದು ಅವರು ಒಪ್ಪಿಕೊಂಡಿದ್ದರು. ಮೊತ್ತ 7 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ನಿವೃತ್ತಿಯ ಹಣ ಹಾಕಿದವರು, ಸಾವಿರಾರು ನೌಕರರು ಕಂಗಾಲಾದರು. ರಾಜು ಮತ್ತು ಇತರರು ತಪ್ಪಿತಸ್ಥರೆಂದು 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತೀರ್ಪಿತ್ತಿತು.

ಸತ್ಯಂ ಮಂಡಳಿಯಲ್ಲಿ ಉತ್ಸವಮೂರ್ತಿಗಳಿದ್ದರೆ? ಹಾಗೆನ್ನುವಂತಿಲ್ಲ. ಹೊರಗಿನಿಂದ ಬಂದ ನಿರ್ದೇಶಕರ ಪೈಕಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಹೆಸರಾಂತ ಆಡಳಿತ ಶಿಕ್ಷಣ ಸಂಸ್ಥೆಯೊಂದರ ಡೀನ್, ಕೇಂದ್ರ ಸಂಪುಟದ ಮಾಜಿ ಕಾರ್ಯದರ್ಶಿ ಇದ್ದರು. ಇವರಿಗೆ ಯಾವ ಪರೀಕ್ಷೆಯೂ ಕಷ್ಟವಾಗುತ್ತಿರಲಿಲ್ಲ. ನಕಲಿ ಬ್ಯಾಂಕ್ ದಾಖಲೆಗಳಲ್ಲಿ ಮುಚ್ಚಿಟ್ಟ ವಂಚನೆ ಅವರ ಕಣ್ಣಿಗೆ ಬೀಳದಿದ್ದುದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ 2008ರ ಡಿಸೆಂಬರ್ 16ರ ಸಭೆಯಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ರಾಜು ಕುಟುಂಬಕ್ಕೆ ಸಂಬಂಧಿಸಿದ ಎರಡು ಮೇಟಾಸ್ ಕಂಪೆನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳುವ ಪ್ರಸ್ತಾವ ಮೇಜಿನ ಮೇಲೇ ಇತ್ತು. ಪ್ರಶ್ನೆಗಳು ಬಂದವು, ಆದರೂ ಕೊನೆಗೆ ಮಂಡಳಿ ಒಪ್ಪಿಗೆ ಕೊಟ್ಟಿತು. ಬೇಡವೆಂದವರು ಹೊರಗಿನ ಹೂಡಿಕೆದಾರರು. ಅವರ ಪ್ರತಿಭಟನೆಗೆ ಮಣಿದು ಕೆಲವೇ ಗಂಟೆಗಳಲ್ಲಿ ಪ್ರಸ್ತಾವ ಹಿಂದಕ್ಕೆ ಹೋಯಿತು.

ಪರೀಕ್ಷೆಯ ಮಿತಿ

ಸತ್ಯಂ ನಂತರ ಬಂದ 2013ರ ಕಂಪೆನಿ ಕಾಯ್ದೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಗಳಲ್ಲಿ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕೆಂದಿತು. ನಿರ್ದೇಶಕರ ಕರ್ತವ್ಯಗಳನ್ನು ಮೊದಲ ಬಾರಿಗೆ ಕಾಯ್ದೆಯಲ್ಲೇ ಪಟ್ಟಿ ಮಾಡಿತು. 2019ರ ನಿಯಮದಂತೆ ಹೆಸರು ನೋಂದಣಿ ಮತ್ತು ಪರೀಕ್ಷೆಯ ಹೊಣೆ ಹರಿಯಾಣದ ಮಾನೇಸರದಲ್ಲಿರುವ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆಗೆ ಸೇರಿತು. ಪರೀಕ್ಷೆ ನಡೆಯುವುದು ಆನ್‌ಲೈನ್‌ನಲ್ಲಿ. ಕಂಪೆನಿ ಕಾನೂನು, ಷೇರುಪೇಟೆ ಕಾನೂನು, ಲೆಕ್ಕಶಾಸ್ತ್ರದ ಪ್ರಾಥಮಿಕ ವಿಷಯಗಳನ್ನು ಕೇಳಲಾಗುತ್ತದೆ.

ಆರಂಭದಲ್ಲಿ ಪಾಸಾಗಲು ಶೇ 60 ಅಂಕ ಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು ಶೇ 50ಕ್ಕೆ ಇಳಿಸಲಾಯಿತು. ಎಷ್ಟು ಸಲ ಬೇಕಾದರೂ ಬರೆಯಬಹುದು. ದೊಡ್ಡ ಕಂಪೆನಿಗಳಲ್ಲಿ ಹತ್ತು ವರ್ಷದ ಅನುಭವವಿದ್ದವರಿಗಿದ್ದ ವಿನಾಯಿತಿಯನ್ನು ಮೂರು ವರ್ಷ ಅನುಭವವಿದ್ದವರಿಗೂ ವಿಸ್ತರಿಸಲಾಯಿತು. 2021ರಲ್ಲಿ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರು, ಲೆಕ್ಕಪರಿಶೋಧಕರು, ಕಂಪೆನಿ ಕಾರ್ಯದರ್ಶಿಗಳಿಗೂ ವಿನಾಯಿತಿ ಸಿಕ್ಕಿತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಪರೀಕ್ಷೆ ಇರುವುದು ಸ್ವತಂತ್ರ ನಿರ್ದೇಶಕರಿಗೆ ಮಾತ್ರ. ಕಂಪೆನಿಯ ಒಡೆಯರ ಮನೆತನದಿಂದ ಮಂಡಳಿಗೆ ಬರುವವರಿಗೆ ಇಲ್ಲ. ಕಾವಲುಗಾರನಿಗೆ ಪರೀಕ್ಷೆ, ತಿಜೋರಿಯ ಬೀಗದಕೈ ಹಿಡಿದವನಿಗೆ ರಜೆ ಎಂಬಂತಾಗಿದೆ.

ಹಾಗೆಂದು ಶಿಕ್ಷಣವೇ ವ್ಯರ್ಥವೆನ್ನುವುದು ಸರಿಯಲ್ಲ. ಲೆಕ್ಕಪತ್ರ ಓದಲು ಬಾರದವನಿಗೆ ಎಲ್ಲಿ ಸಂಶಯ ಪಡಬೇಕೆಂಬುದೂ ತಿಳಿಯುವುದಿಲ್ಲ. ಏನನ್ನೂ ತಿಳಿಯದೆ ಕುರ್ಚಿಯಲ್ಲಿ ಕೂರುವುದು ತಪ್ಪು ಎಂಬ ಮಾತನ್ನು ಕಾನೂನು ಒಪ್ಪಲು ನೂರು ವರ್ಷ ಹಿಡಿಯಿತು. ಅದು ಸಣ್ಣ ಗೆಲುವೇನಲ್ಲ. ಆದರೆ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಆಸ್ಟ್ರೇಲಿಯಾದ ಮಾಲ್‌ಗಳ ಕಂಪೆನಿ ಸೆಂಟ್ರೊದ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ವರ್ಷದೊಳಗೆ ತೀರಿಸಬೇಕಿದ್ದ ಸುಮಾರು 150 ಕೋಟಿ ಡಾಲರ್ ಸಾಲವನ್ನು ಅದರ 2007ರ ಲೆಕ್ಕಪತ್ರದಲ್ಲಿ ದೀರ್ಘಾವಧಿ ಸಾಲವೆಂದು ತೋರಿಸಲಾಗಿತ್ತು. ಅನುಭವಿ ನಿರ್ದೇಶಕರೆಲ್ಲ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಮಂಡಳಿಗೆ ಬರುತ್ತಿದ್ದ ಕಾಗದಪತ್ರಗಳ ರಾಶಿ ದೊಡ್ಡದಿತ್ತು ಎಂಬ ವಾದವನ್ನು ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಲೆಕ್ಕಪತ್ರವನ್ನು ತಾವೇ ಓದಿ, ತಮಗೆ ತಿಳಿದದ್ದರೊಡನೆ ತಾಳೆ ನೋಡುವುದು ನಿರ್ದೇಶಕರ ಕೆಲಸ, ಅದನ್ನು ಬೇರೆಯವರ ಮೇಲೆ ಹಾಕುವಂತಿಲ್ಲ ಎಂದಿತು. ಅಂದಿನ ಸಭೆಯಲ್ಲಿ ಬೇಕಿದ್ದದ್ದು ದೊಡ್ಡ ಪಾಂಡಿತ್ಯವಲ್ಲ. ಊರಿನ ಕಿರಾಣಿ ಅಂಗಡಿಯವನೂ ಕೇಳುವ ಒಂದು ಪ್ರಶ್ನೆ ಸಾಕಿತ್ತು: ಈ ಸಾಲ ತೀರಿಸಬೇಕಾದದ್ದು ಯಾವಾಗ?